ಹೊರಗಿನಿಂದ ಹಾಕಿದ ಬೀಗ

ದಾವಲಸಾಬ ಗಾದಿ ಮಾಡುವವನು. ಪೇಟೆಯ ಹಿಂದಿನ ಓಣಿಯಲ್ಲಿ ಅವನ ಮನೆ. ಮುಂದಿನ ಕೋಣೆಯೇ ಅಂಗಡಿ. ಹಿಂದಿನ ಕೋಣೆಯಲ್ಲಿ ಅವನೂ ಅವನ ಹೆಂಡತಿ ಹುಸೇನಬಿಯೂ ಇರುತ್ತಿದ್ದರು. ಅಂಗಡಿಯಲ್ಲಿ ಹತ್ತಿ ಹಿಂಜುವ ಒಂದು ಮಷೀನಿತ್ತು. ಅವನ ಅಪ್ಪ ಬಿಲ್ಲು ಹಿಡಿದು ಕೈಯಿಂದಲೇ ಹತ್ತಿ ಹಿಂಜಿದವನು. ಮಗ ಹತ್ತು ವರ್ಷ ದುಡಿದು ಮಷೀನು ತಂದ. ಅದು ಗರಗರ ತಿರುಗಿದರೆ ಓಣಿಗೆಲ್ಲ ಕೇಳುತ್ತಿತ್ತು. ದಾವಲಸಾಬನಿಗೆ ಕೆಲಸ ಸಿಕ್ಕಿದೆ ಎಂದು ಎಲ್ಲರಿಗೂ ಗೊತ್ತಾಗುತ್ತಿತ್ತು.

ಕೆಲಸಕ್ಕೇನೂ ಕೊರತೆ ಇರಲಿಲ್ಲ. ಆ ಕಡೆ ಮದುವೆ ಎಂದರೆ ಹೆಣ್ಣಿನ ಕಡೆಯವರು ಹೊಸ ಗಾದಿ, ದಿಂಬು ಮಾಡಿಸಿ ಕೊಡಬೇಕು. ಮದುವೆಯ ಮೂರು ತಿಂಗಳು ಬೆನ್ನು ಬಗ್ಗಿಸಿ ದುಡಿದರೆ ವರ್ಷದ ಅರ್ಧ ಊಟ ಅಲ್ಲೇ ಬಂತು. ಆದರೆ ಹಿಂದಿನ ವರ್ಷ ಹುಸೇನಬಿ ನಲ್ಲಿಯ ಹತ್ತಿರ ಜಾರಿ ಬಿದ್ದು ಕಾಲು ಮುರಿದುಕೊಂಡಳು. ಕಾಲಿಗೆ ರಾಡು ಹಾಕಿಸುವಷ್ಟರಲ್ಲಿ ಕೈಯಲ್ಲಿದ್ದದ್ದೆಲ್ಲ ಖರ್ಚಾಯಿತು. ಪುರಸಭೆಗೆ ಕಟ್ಟಬೇಕಾದ ಮನೆಪಟ್ಟಿ, ಅಂದರೆ ಮನೆಯ ತೆರಿಗೆ, ಹಾಗೇ ಉಳಿಯಿತು. ಅದರ ಹಿಂದಿನ ವರ್ಷದ್ದೂ ಉಳಿದಿತ್ತು ಅನ್ನಿ.

ಬಾಕಿ ಉಳಿದದ್ದಕ್ಕೆ ನಾನು ದಾವಲಸಾಬನನ್ನು ಬೈಯುವುದಿಲ್ಲ ಮಕ್ಕಳೇ. ಕಾಲು ಮುರಿದ ಹೆಂಡತಿಯನ್ನು ಮಲಗಿಸಿಟ್ಟು ಮನೆಪಟ್ಟಿ ಕಟ್ಟಲು ಯಾರು ಹೋಗುತ್ತಾರೆ? ನಾನು ಬೈಯುವುದೇನಿದ್ದರೂ ಆಮೇಲೆ ಅವನು ಮಾಡಿದ ಕೆಲಸಕ್ಕೆ.

ಪುರಸಭೆಯಿಂದ ಮೊದಲ ನೋಟಿಸು ಬಂತು. ದುಂಡನೆಯ ಮೊಹರು ನೋಡಿದ್ದೇ ತಡ, ಅವನಿಗೆ ಒಡೆಯುವ ಧೈರ್ಯ ಬರಲಿಲ್ಲ. ನಾಳೆ ಓದಿದರಾಯಿತು ಎಂದುಕೊಂಡ. ಗೋಡೆಯ ಗೂಟಕ್ಕೆ ದಿಂಬಿನ ಖಾಲಿ ಚೀಲವೊಂದು ನೇತುಬಿದ್ದಿತ್ತು. ನೋಟಿಸನ್ನು ಒಡೆಯದೆ ಅದರೊಳಗೆ ತುರುಕಿದ. ಎರಡನೆಯದು ಬಂತು, ಅದೂ ಚೀಲಕ್ಕೆ ಹೋಯಿತು. ಮೂರನೆಯದನ್ನು ತುರುಕುವಾಗ ಅವನು ಆ ಕಡೆ ನೋಡಲೂ ಇಲ್ಲ. ನಗಬೇಡಿ. ನನ್ನ ಮನೆಯಲ್ಲೂ ಇಂಥದೊಂದು ಡಬ್ಬಿ ಇದೆ. ಅದರೊಳಗೆ ಏನೇನಿದೆ ಅಂತ ಮಾತ್ರ ಕೇಳಬೇಡಿ.

ಅಷ್ಟರಲ್ಲಿ ಸುದ್ದಿ ಬಂತು. ಪಟ್ಟಿ ವಸೂಲಿಯವರು ಪಕ್ಕದ ಓಣಿಗೆ ಕೈಗಾಡಿ ತಂದು ಯಾರದೋ ಫ್ರಿಜ್ಜು ಜಪ್ತಿ ಮಾಡಿಕೊಂಡು ಹೋದರಂತೆ. ಚಹಾದಂಗಡಿಯಲ್ಲಿ ಒಬ್ಬ, "ಫ್ರಿಜ್ ಬಿಡ್ಲಿಲ್ಲಂದ್ರ ನಿನ್ನ ಮಷೀನ ಬಿಡ್ತಾರೇನು" ಎಂದ. ಅವನಿಗೆ ಯಾರು ಹೇಳಿದರು, ಅದು ನಿಜವೋ ಸುಳ್ಳೋ, ದಾವಲಸಾಬ ವಿಚಾರಿಸಲಿಲ್ಲ. ಮಷೀನು ಹೋದರೆ ಅವನ ಎರಡು ಕೈ ಹೋದ ಹಾಗೆ. ಅವನು ಚಹಾ ಅಲ್ಲೇ ಬಿಟ್ಟು ಮನೆಗೆ ಓಡಿದ.

ಎದುರು ಮನೆಯಲ್ಲಿ ನೀಲವ್ವ ಎಂಬಾಕೆ ಇದ್ದಳು. ಮನೆಯ ಮುಂದೆ ಒಲೆ ಹೂಡಿ ಮಿರ್ಚಿ ಕರಿದು ಮಾರುವವಳು. ದಾವಲಸಾಬ ಅವಳ ಕೈಗೆ ಒಂದು ಬೀಗ, ಬೀಗದ ಕೈ ಎರಡೂ ಕೊಟ್ಟ.

"ನೀಲವ್ವಕ್ಕ, ಒಂದ ಉಪಕಾರ ಮಾಡವಾ. ದಿನಾ ಮುಂಜಾನಿ ನಮ್ಮ ಬಾಗಲಕ್ಕ ಹೊರಗಿಂದ ಬೀಗ ಹಾಕು. ಯಾರರ ಬಂದ್ ಕೇಳಿದ್ರ ಊರಿಗೆ ಹೋಗ್ಯಾರ ಅನ್ನು."

"ಯಾರರ ಅಂದ್ರ ಯಾರಪಾ?"

"ಯಾರ ಬಂದ್ರೂ. ಪುರಸಭೆಯವ್ರು ಯಾರು, ಗಿರಾಕಿ ಯಾರು, ನಿನಗ ಹೆಂಗ ಗೊತ್ತಾಗಬೇಕು?"

ನೀಲವ್ವ ಸುಳ್ಳು ಹೇಳಿ ಅಭ್ಯಾಸವಿಲ್ಲದವಳು. ಅದಕ್ಕೇ ಕಲಿಸಿಕೊಟ್ಟ ಒಂದೇ ಸುಳ್ಳನ್ನು ಬಂದವರಿಗೆಲ್ಲ ಅಚ್ಚುಕಟ್ಟಾಗಿ ಹೇಳಿದಳು.

ಗಂಡ ಹೆಂಡತಿ ಬೀಗದ ಹಿಂದೆ ಬದುಕತೊಡಗಿದರು. ಮಷೀನು ತಿರುಗಿಸುವಂತಿಲ್ಲ, ಸದ್ದಾಗುತ್ತದೆ. ದಾವಲಸಾಬ ಸುಮ್ಮನೆ ಕೂರಲಾಗದೆ, ಉಳಿದಿದ್ದ ಹತ್ತಿಯನ್ನು ದಪ್ಪ ಗೋಣಿಚೀಲದ ಮೇಲೆ ಹರವಿಕೊಂಡು ಬೆತ್ತದಿಂದ ಮೆಲ್ಲಗೆ ಬಡಿಯುತ್ತಿದ್ದ. ಹತ್ತಿಯ ಧೂಳು ಗಂಟಲಿಗೆ ಹೋಗಿ ಕೆಮ್ಮು ಬಂದರೆ ಬಾಯಿಗೆ ಟವೆಲ್ಲು ಒತ್ತಿಕೊಳ್ಳುತ್ತಿದ್ದ. ಒಳಗೆ ಹೊರಗೆ ಓಡಾಡಲು ಹಿತ್ತಿಲ ಬಾಗಿಲೊಂದೇ ಗತಿ. ಅದು ಗಟಾರದ ದಂಡೆಗೆ ತೆರೆಯುತ್ತಿತ್ತು, ಅಲ್ಲೆಲ್ಲ ಕಲ್ಲು. ಹುಸೇನಬಿ ರಾಡು ಹಾಕಿದ ಕಾಲೆಳೆದುಕೊಂಡು ಅದರಲ್ಲೇ ನೀರು ಹೊತ್ತಳು. ಹತ್ತು ಹೆಜ್ಜೆಗೊಮ್ಮೆ ನಿಂತು ಗೋಡೆ ಹಿಡಿಯುತ್ತಿದ್ದಳು.

ಸಂಜೆ ನೀಲವ್ವ ಕಿಟಕಿಯ ಹತ್ತಿರ ಬಂದು, "ಇವತ್ತ ನಾಕ ಮಂದಿ ಬಂದಿದ್ರು" ಎನ್ನುವಳು. ಯಾರು ಎಂದು ಅವಳು ಕೇಳಿರುತ್ತಿರಲಿಲ್ಲ. ನಾಲ್ಕೂ ಜನ ವಸೂಲಿಯವರೇ ಎಂದು ದಾವಲಸಾಬ ಲೆಕ್ಕ ಹಾಕುವನು. ಮದುವೆಯ ದಿನಗಳಲ್ಲಿ ಗಾದಿ ಮಾಡುವವನ ಮನೆಗೆ ಯಾರು ಬರುತ್ತಾರೆ, ನೀವೇ ಹೇಳಿ. ಹೆದರಿಕೆ ಹಿಡಿದ ತಲೆಗೆ ಅಷ್ಟೂ ಹೊಳೆಯಲಿಲ್ಲ. ಬಂದವರು ಬೀಗ ನೋಡಿ ಬೇರೆ ಅಂಗಡಿಗೆ ಹೋದರು. ದಾವಲಸಾಬ ಊರು ಬಿಟ್ಟ ಎಂದು ಮಾತಾಯಿತು. ಒಳಗೆ ಜೋಳದ ಡಬ್ಬಿಯ ತಳ ಕಾಣತೊಡಗಿತು.

ಒಂದು ಬೆಳಿಗ್ಗೆ ಯಾರೋ ಬಂದು ಕಟ್ಟೆಯ ಮೇಲೆ ಕೂತ ಸದ್ದಾಯಿತು. ದಾವಲಸಾಬ ಬಾಗಿಲ ಸಂದಿಯಲ್ಲಿ ಕಣ್ಣಿಟ್ಟ. ಗುರುಶಾಂತಪ್ಪ. ಪುರಸಭೆಯ ಬಿಲ್ ಕಲೆಕ್ಟರು. ಬಗಲಲ್ಲಿ ಒಂದು ಬಟ್ಟೆಯ ಚೀಲ. ನೀಲವ್ವನ ಹತ್ತಿರ ಏನೋ ಕೇಳಿದ, ಸ್ವಲ್ಪ ಹೊತ್ತು ಕಾದ, ಹೋದ. ವಾರ ಬಿಟ್ಟು ಮತ್ತೆ ಬಂದ. ಆಗಲೂ ಕಾದು ಹೋದ. ಎರಡು ಸಲವೂ ದಾವಲಸಾಬ ಬಾಗಿಲ ಹಿಂದೆ ಉಸಿರು ಬಿಗಿಹಿಡಿದು ಕೂತಿದ್ದ.

ಹುಸೇನಬಿಗೆ ತಡೆಯಲಾಗಲಿಲ್ಲ.

"ಕಳ್ಳರು ಬರಬಾರದಂತ ಮಂದಿ ಬೀಗ ಹಾಕ್ತಾರ. ನಾವ ಕಳ್ಳರಾಗಿ ಬೀಗದ ಒಳಗ ಕುಂತೀವಲ್ರಿ."

"ಮಷೀನ ಹೋದ್ರ ಏನ ಮಾಡ್ತಿ?" ಎಂದ ದಾವಲಸಾಬ.

"ಇದ್ದು ಏನ ಮಾಡೇತಿ? ತಿಂಗಳಾತು, ಅದರ ಸಪ್ಪಳ ಕೇಳಿ."

ಅವನು ಬೆತ್ತ ಎತ್ತಿಕೊಂಡು ಮತ್ತೆ ಹತ್ತಿ ಬಡಿಯತೊಡಗಿದ.

ಮೂರನೆಯ ಸಲ ಗುರುಶಾಂತಪ್ಪ ಒಬ್ಬನೇ ಬರಲಿಲ್ಲ. ಜೊತೆಗೆ ಇಬ್ಬರು ಆಳುಗಳು, ಒಂದು ಕೈಗಾಡಿ. ಕೈಯಲ್ಲಿ ಜಪ್ತಿಯ ಹುಕುಂ. ಓಣಿಯ ಜನ ಬಾಗಿಲಿಗೆ ಬಂದು ನಿಂತರು.

"ಊರಿಗೆ ಹೋಗ್ಯಾರ್ರಿ" ಎಂದಳು ನೀಲವ್ವ. ಬಾಣಲೆಯಿಂದ ಕಣ್ಣೆತ್ತಲಿಲ್ಲ.

ಗುರುಶಾಂತಪ್ಪ ಬೀಗ ನೋಡಿದ. ಆಮೇಲೆ ಹೊಸ್ತಿಲು ನೋಡಿದ. ಬಾಗಿಲ ಕೆಳಗಿನ ಸಂದಿಯಿಂದ ಬೆಳ್ಳಗಿನ ಹತ್ತಿಯ ಎಳೆಗಳು ಗಾಳಿಗೆ ಹೊರಗೆ ಬರುತ್ತಿದ್ದವು. ತಿಂಗಳಿಂದ ಮುಚ್ಚಿದ ಮನೆಯಿಂದ ಇವತ್ತಿನ ಹತ್ತಿ ಹೇಗೆ ಬರುತ್ತದೆ? ಅವನಿಗೆ ತಿಳಿಯಿತು.

"ಬೀಗ ಒಡಿಯೂಣೇನ್ರಿ?" ಎಂದು ಆಳು ಕೇಳಿದ.

"ಮನ್ಯಾಗ ಮಂದಿ ಇಲ್ಲದಾಗ ಬೀಗ ಒಡೀತಾರೇನೋ? ಸುಮ್ನಿರು" ಎಂದ ಗುರುಶಾಂತಪ್ಪ.

ಎಂದವನು ಕಟ್ಟೆಯ ಮೇಲೆ ಬಾಗಿಲಿಗೆ ಬೆನ್ನು ಕೊಟ್ಟು ಕೂತ. ನೀಲವ್ವನ ಕಡೆ ಮುಖ ಮಾಡಿ, ಆದರೆ ಒಳಗೆ ಕೇಳುವ ಹಾಗೆ ದನಿ ಏರಿಸಿ ಮಾತಾಡಿದ.

"ನೀಲವ್ವಾರ, ದಾವಲಸಾಬ್ರು ಊರಿಂದ ಬಂದ ಮ್ಯಾಲ ನಾ ಹೇಳಿದ್ದ ಹೇಳಿಬಿಡ್ರಿ. ಕಸುಬಿನ ಸಾಮಾನ ನಾವು ಮುಟ್ಟಂಗಿಲ್ಲ. ಮಷೀನಕ್ಕ ಯಾರೂ ಕೈ ಹಚ್ಚೂದಿಲ್ಲ. ಹಾಸಿಗಿ, ಅಡಗಿ ಭಾಂಡೆ, ಅವೂ ಮುಟ್ಟಂಗಿಲ್ಲ. ಒಮ್ಮೆಲೆ ಕಟ್ಟಾಕ ಆಗದಿದ್ರ ಕಂತಿನ ಮ್ಯಾಲ ಕಟ್ಟತೀನಿ ಅಂತ ಒಂದ ಅರ್ಜಿ ಬರದ ಕೊಡಬೇಕು. ಇದೆಲ್ಲಾ ನೋಟಿಸಿನ ಹಿಂದಿನ ಮಗ್ಗಲಕ್ಕ ಬರದೈತಿ. ಅರ್ಜಿ ಕೊಟ್ರ ನಾ ಗಾಡಿ ಹೊಳ್ಳಿಸಿಕೊಂಡ ಹೋಗ್ತೀನಿ. ಕೊಡದಿದ್ರ ಟಿವಿ, ಕಪಾಟ ಒಯ್ಯಬೇಕಾಗ್ತೇತಿ. ನನ್ನ ನೌಕರಿ ಅದು."

ನೀಲವ್ವ ಹೂಂ ಎಂದಳು. ಮುಂದಿನ ಮಾತಿಗೆ ಗುರುಶಾಂತಪ್ಪನ ದನಿ ಇಳಿಯಿತು, ಆದರೂ ಒಳಗೆ ಕೇಳಿತು.

"ಇನ್ನೊಂದ ಹೇಳ್ರಿ. ಮೊದಲನೇ ಸಲ ನಾ ವಸೂಲಿಗೆ ಬಂದಿರ್ಲಿಲ್ಲ. ನನ್ನ ಮಗಳ ಮದುವಿ ಇತ್ತು. ಎರಡ ಗಾದಿ, ನಾಕ ದಿಂಬಾ ಮಾಡಸಬೇಕಂತ ಮ್ಯಾಲ ಹೊಲ್ಯಾಕ ಅರಿವಿ, ಮುಂಗಡ ಹಿಡಕೊಂಡ ಬಂದಿದ್ದೆ. ಎರಡನೇ ಸಲ ಕಂತಿನ ಅರ್ಜಿ ಫಾರಂ ತಂದಿದ್ದೆ. ಎರಡೂ ಸಲ ಬೀಗ ನೋಡಿ ಹ್ವಾದೆ."

ಒಳಗೆ ದಾವಲಸಾಬ ಕೂತಲ್ಲೇ ತಲೆಯ ಮೇಲೆ ಕೈ ಹೊತ್ತ. ಎದ್ದು ಹೋಗಲು ಅವನಿಗೆ ಹಿತ್ತಿಲ ಬಾಗಿಲು ಇದ್ದೇ ಇತ್ತು. ಗಟಾರದ ದಂಡೆ ಹಿಡಿದು ಹೋಗಿ, ಆ ಕಡೆಯಿಂದ ಓಣಿಗೆ ಬಂದು, ಈಗಷ್ಟೇ ಊರಿಂದ ಬಂದೆ ಎನ್ನಬಹುದಿತ್ತು. ಹುಸೇನಬಿಯ ಕಾಲು ನೋಡಿದ. ಆ ಕಲ್ಲು ದಾರಿಯಲ್ಲಿ ಓಡಾಡಿ ಅವಳ ಪಾದ ಊದಿಕೊಂಡಿತ್ತು. ಅದನ್ನು ಅವನು ಸರಿಯಾಗಿ ನೋಡಿದ್ದು ಅವತ್ತೇ. ನಾಚಿಕೆಯಿಂದ ಅವನಿಗೆ ಅಳು ಬಂತು. ಬಾಯಿಗೆ ಒತ್ತಿಕೊಂಡ ಟವೆಲ್ಲು ತೆಗೆದು ಎಸೆದ. ಗಂಟಲು ತುಂಬ ಕೆಮ್ಮಿದ. ಆಮೇಲೆ ಮುಂಬಾಗಿಲಿಗೆ ಹೋಗಿ ಒಳಗಿನಿಂದ ಮೂರು ಸಲ ಬಡಿದ.

ತನ್ನ ಮನೆಯ ಬಾಗಿಲನ್ನು ತಾನೇ ಒಳಗಿನಿಂದ ಬಡಿಯುವ ಮನುಷ್ಯನನ್ನು ಆ ಓಣಿ ಹಿಂದೆಂದೂ ಕಂಡಿರಲಿಲ್ಲ. ಯಾರೂ ನಗಲಿಲ್ಲ. ನೀಲವ್ವ ಒಲೆ ಬಿಟ್ಟು ಎದ್ದಳು, ಸೊಂಟದಿಂದ ಬೀಗದ ಕೈ ತೆಗೆದು, ಯಾರ ಮುಖವನ್ನೂ ನೋಡದೆ ಬೀಗ ತೆಗೆದಳು.

ದಾವಲಸಾಬ ಹೊಸ್ತಿಲಲ್ಲಿ ನಿಂತ. ಮೈತುಂಬ ಹತ್ತಿಯ ಎಳೆ.

ಗುರುಶಾಂತಪ್ಪ ಎದ್ದು ನಿಂತು ಕೇಳಿದ, "ಊರಿಂದ ಯಾವಾಗ ಬಂದ್ರಿ, ದಾವಲಸಾಬ್ರ?"

"ಈಗ ಬಂದೆ, ಸಾಹೇಬ್ರ" ಎಂದ ದಾವಲಸಾಬ.

ಹುಸೇನಬಿ ಗೂಟದಿಂದ ದಿಂಬಿನ ಚೀಲ ತಂದು ನೋಟಿಸುಗಳನ್ನೆಲ್ಲ ಕಟ್ಟೆಯ ಮೇಲೆ ಸುರಿದಳು. "ಓದಿ ಹೇಳ್ರಿ ಯಪ್ಪಾ" ಎಂದಳು. ಗುರುಶಾಂತಪ್ಪ ಒಂದೊಂದಾಗಿ ಒಡೆದು ಓದಿದ. ಮೊದಲ ನೋಟಿಸಿನಲ್ಲಿದ್ದ ಬಾಕಿಗೆ ದಂಡ ಸೇರಿ, ನೋಟಿಸಿನ ಖರ್ಚು ಸೇರಿ, ಕೈಗಾಡಿಯ ಬಾಡಿಗೆಯೂ ಸೇರಿ ಬೆಳೆದಿತ್ತು. ಆ ಚೀಲದೊಳಗೆ ಕೂತು ಸದ್ದಿಲ್ಲದೆ ಬೆಳೆದಿತ್ತು. ದಾವಲಸಾಬ ಅಲ್ಲೇ ಅರ್ಜಿ ಬರೆಸಿ ಸಹಿ ಹಾಕಿದ. ನಾಲ್ಕು ಕಂತು ಎಂದಾಯಿತು. ಕೈಗಾಡಿ ಖಾಲಿಯಾಗಿ ತಿರುಗಿತು.

ಹೊರಟು ನಿಂತ ಗುರುಶಾಂತಪ್ಪನನ್ನು ದಾವಲಸಾಬ ಮೆಲ್ಲಗೆ ಕೇಳಿದ, "ಮಗಳ ಗಾದಿ?"

"ಬ್ಯಾರೆ ಕಡೆ ಮಾಡಸಿದ್ನಿ. ಮದುವಿ ಆತು, ಗಂಡನ ಮನೀಗೆ ಹೋದಳು."

"ಚೊಲೋ ಆಗ್ಯಾವೇನ್ರಿ?"

ಗುರುಶಾಂತಪ್ಪ ಅರ್ಜಿಯನ್ನು ಮಡಿಚಿ ಕಿಸೆಗಿಟ್ಟ. "ನಿಮ್ಮ ಕೈಯಾಗಿಂದು ಆಗಬೇಕಂತ ಭಾಳ ಇತ್ತು ನಮಗ" ಎಂದು ಹೇಳಿ ಹೋದ.

ಪಟ್ಟಿಯ ದುಡ್ಡನ್ನು ದಾವಲಸಾಬ ಕಂತಿನಲ್ಲಿ ತೀರಿಸಿದ, ಒಂದು ಕಂತು ತಡವಾದರೂ ತೀರಿಸಿದ. ಆ ವರ್ಷ ಕೈತಪ್ಪಿದ ಮದುವೆಗಳು ಮಾತ್ರ ತಿರುಗಿ ಬರಲಿಲ್ಲ. ಅವನ್ನು ಯಾವ ಅರ್ಜಿ ಕೊಟ್ಟರೂ ಯಾರೂ ತಂದುಕೊಡಲಾರರು. ಕೈಗಾಡಿ ತಿರುಗಿ ಹೋದ ಆ ಮಧ್ಯಾಹ್ನ ಅವನ ಕೈಯಲ್ಲಿ ಒಂದು ಕೆಲಸವೂ ಇರಲಿಲ್ಲ. ನೀಲವ್ವ ತನ್ನ ಮನೆಯ ಗಂಟುಗಟ್ಟಿದ ಹಳೆಯ ಗಾದಿ ಹೊತ್ತು ತಂದು ಅಂಗಡಿಯಲ್ಲಿ ಹಾಕಿ, "ಹಿಂಜಿ ಕೊಡಪಾ" ಎಂದಳು. ಮಷೀನು ಗರಗರ ತಿರುಗಿತು. ಸಂಜೆಯೊಳಗೆ ಓಣಿಯ ಇನ್ನೊಂದು ಮನೆಯವರು ಎರಡು ದಿಂಬು ಹಿಡಿದುಕೊಂಡು ಬಂದರು. ಬಾಗಿಲು ತೆರೆದೇ ಇತ್ತು.

ನೀತಿ: ಸಾಲಕ್ಕೆ, ಬಾಕಿಗೆ ಹೆದರಿ ಮುಚ್ಚಿದ ಬಾಗಿಲು ನಮ್ಮ ಅನ್ನ ತರುವವರನ್ನೂ ಹೊರಗೇ ನಿಲ್ಲಿಸುತ್ತದೆ. ಬಂದ ಕಾಗದವನ್ನು ಬಂದ ದಿನವೇ ಒಡೆದು ಓದಿ. ಓದಲು ಬಾರದಿದ್ದರೆ ಬಲ್ಲವರಿಗೆ ಕೊಟ್ಟು ಓದಿಸಿ. ಬಾಗಿಲು ತಟ್ಟುವ ನೌಕರಿ ನಿಮ್ಮದಾದರೆ, ಒಳಗಿರುವವರು ಮರ್ಯಾದೆಯಿಂದ ಹೊರಗೆ ಬರುವಷ್ಟು ದಾರಿ ಬಿಟ್ಟು ತಟ್ಟಿ.