ಎಂದೂ ಸವೆಯದ ಬ್ರೇಕು

“ಕೇಳ್ರಪ್ಪೋ ಕೇಳಿ! ಏಳುತಿರುವಿನ ದುರ್ಗದ ದೊರೆಗಳ ಅಪ್ಪಣೆಯಾಗಿದೆ. ಅಮ್ಮಣ್ಣಿಯವರು ಮೂರು ಒಗಟು ಕೇಳುತ್ತಾರೆ. ಬಿಡಿಸಿದವನಿಗೆ ಅಮ್ಮಣ್ಣಿಯವರನ್ನು ಕೊಟ್ಟು ಮದುವೆ, ಜೊತೆಗೆ ಅರ್ಧ ರಾಜ್ಯ. ಒಂದು ತಪ್ಪಿದರೂ ಪಟ್ಟದಾನೆ ಹತ್ತಿ ಒಬ್ಬನೇ ಘಟ್ಟ ಇಳಿಯತಕ್ಕದ್ದು!”

ಪಟ್ಟದಾನೆ ಅಂದರೆ ಆನೆಯಲ್ಲ. ನಿಜವಾದ ಆನೆ ತೀರಿಕೊಂಡ ಮೇಲೆ ದೊರೆಗಳು ಹಿರಿಯ ಮಗಳ ಮಾವನಿಂದ ಕೊಂಡ ಹಳೆಯ ಎಸ್‌ಯುವಿ ಅದು. ಅದರ ಬ್ರೇಕು ಹಿಡಿಯುವುದಿಲ್ಲವೆಂದು ಇಡೀ ದುರ್ಗಕ್ಕೇ ಗೊತ್ತಿತ್ತು. ದೊರೆಯ ಎದುರು ಮಾತ್ರ ಎಲ್ಲರೂ “ಆಹಾ, ಎಂಥ ಗಾಡಿ!” ಎನ್ನುತ್ತಿದ್ದರು. ಸೋತವನಿಗೆ ಈ ಶಿಕ್ಷೆಯೇ ಇರಲಿ ಎಂದು ಕಿರಿಯ ಮಗಳು ಅಮ್ಮಣ್ಣಿ ಹಟ ಹಿಡಿದಾಗ ದೊರೆ ನಕ್ಕು, “ಇದೆಂಥ ಶಿಕ್ಷೆ? ಸವಾರಿಯಲ್ಲವೇ?” ಎಂದಿದ್ದ. ಹಾಗೆ ನಕ್ಕವನು ತಾನು ಮಾತ್ರ ಒಮ್ಮೆಯೂ ಅದರಲ್ಲಿ ಘಟ್ಟ ಇಳಿದಿರಲಿಲ್ಲ.

ಡಂಗುರ ಕೇಳಿ ಕೆಂಡಗಣ್ಣನೂ ಬಂದ. ಅವನು ಸಂತೆಯಿಂದ ಸಂತೆಗೆ ಎತ್ತು ಸಾಗಿಸುವ ಮಿನಿ ಲಾರಿಯ ಡ್ರೈವರು. ಹೋದ ಸಂತೆಯಲ್ಲಿ ಅಮ್ಮಣ್ಣಿ ಕುಂಟುತ್ತಿದ್ದ ಎತ್ತೊಂದನ್ನು ಕಂಡು, “ಮೊದಲು ಇದರ ಲಾಳ ನೋಡಿಸು, ಆಮೇಲೆ ಮಾರು” ಎಂದು ಅವನಿಗೆ ಹೇಳಿದ್ದಳು. ಅಂದಿನಿಂದ ಅವನ ಮನಸ್ಸು ಅವನ ಹತ್ತಿರ ಇರಲಿಲ್ಲ.

ಒಡ್ಡೋಲಗದಲ್ಲಿ ಅವನಿಗಿಂತ ಮುಂದೆ ಇಬ್ಬರಿದ್ದರು. ದೊರೆ ಬೆಳ್ಳಿ ತಟ್ಟೆಯಲ್ಲಿ ಗಾಡಿಯ ಬೀಗದ ಕೈ, ಅದರ ಪಕ್ಕ ವೀಳ್ಯ ಇಟ್ಟು ಒಬ್ಬೊಬ್ಬರ ಮುಂದೆಯೂ ಹಿಡಿದ. ಅರಸರ ವೀಳ್ಯ ಬೇಡವೆನ್ನುವುದುಂಟೇ? ಇಬ್ಬರೂ ಬಾಯಿಗೆ ಹಾಕಿಕೊಂಡರು. ಆ ಸೀಮೆಯಲ್ಲಿ ವೀಳ್ಯ ಮೆದ್ದವನು ಮತ್ತೆ ಹಿಂದೆಗೆಯುವಂತಿಲ್ಲ.

ಅಮ್ಮಣ್ಣಿ ಮೊದಲನೆಯವನನ್ನು, ಅಂದರೆ ನೆರೆರಾಜ್ಯದ ಯುವರಾಜನನ್ನು ಕೇಳಿದಳು: “ಮೈತುಂಬಿಕೊಂಡಿದ್ದಾಗ ಮೂಕ, ಮೈ ಸವೆದಾಗ ಕೂಗುತ್ತಾನೆ. ಅವನ ಕೂಗು ಕೇಳಬಾರದೆಂದು ಹಾಡು ಹಾಕುತ್ತಾರೆ. ಯಾರವನು?”

“ನಿಮ್ಮ ಆಸ್ಥಾನದ ಸಂಗೀತಗಾರ!” ಎಂದ ಯುವರಾಜ. ಮುದಿ ಸಂಗೀತಗಾರ ಅವನನ್ನು ದುರುಗುಟ್ಟಿ ನೋಡಿದ.

ಎರಡನೆಯವನು ದಂಡನಾಯಕನ ಮಗ. ಮೊದಲ ಒಗಟು ತನಗೆ ಬೇಡ, ಎರಡನೆಯದನ್ನೇ ಕೇಳಿ ಎಂದ. ಅಮ್ಮಣ್ಣಿ ಕೇಳಿದಳು: “ನಾಲ್ವರು ಅಣ್ಣತಮ್ಮಂದಿರಿಗೆ ಒಟ್ಟಿಗೆ ನಿಲ್ಲಿ ಎಂದೆ. ಮೂವರು ನಿಂತರು, ಒಬ್ಬ ನಿಂತಂತೆ ನಟಿಸಿದ. ಅವನನ್ನು ಹೇಗೆ ಹಿಡಿಯಲಿ?”

“ನಾಲ್ವರಿಗೂ ಚಾಟಿ ಬೀಸಿದರೆ ತಾನಾಗಿ ಬಾಯಿಬಿಡುತ್ತಾನೆ!”

“ಇಬ್ಬರದೂ ತಪ್ಪು” ಎಂದಳು ಅಮ್ಮಣ್ಣಿ. ಶಿಕ್ಷೆಯ ಸರದಿ ಬರುವವರೆಗೆ ಇಬ್ಬರನ್ನೂ ಬಾಗಿಲ ಬಳಿ ಕೂರಿಸಿದರು. ಅಲ್ಲಿಂದ ಘಟ್ಟದ ಮೊದಲ ತಿರುವು ಚೆನ್ನಾಗಿ ಕಾಣುತ್ತಿತ್ತು. ಬಾಯೊಳಗಿನ ಎಲೆ ಇಬ್ಬರಿಗೂ ಕಹಿಯಾಗತೊಡಗಿತು.

ತಟ್ಟೆ ಕೆಂಡಗಣ್ಣನ ಮುಂದೆ ಬಂತು. ಅವನು ಬೀಗದ ಕೈ ಮಾತ್ರ ತೆಗೆದುಕೊಂಡ.

“ವೀಳ್ಯ?” ಎಂದ ದೊರೆ.

“ಆಮೇಲೆ ಬುದ್ಧಿ. ನಮ್ ಸಂತೇಲಿ ಎತ್ತು ನಡೆಸಿ ನೋಡೋ ಗಂಟ ಮಾರೋನ ಎಲೆಅಡಿಕೆ ಮುಟ್ಟಕಿಲ್ಲ. ಮುಟ್ಟುದ್ರೆ ಕುಂಟೆತ್ತೂ ನಮ್ದೇಯ.”

“ಮುಟ್ಟದಿದ್ದರೂ ತಪ್ಪಿದರೆ ಶಿಕ್ಷೆ ತಪ್ಪಿದ್ದಲ್ಲ” ಎಂದು ದೊರೆ ಮುಖ ಬಿಗಿದುಕೊಂಡ. ಕೆಂಡಗಣ್ಣ ಕೈಮುಗಿದು, “ಎರಡು ಒಗಟಿಗೂ ಗಾಡಿ ಓಡ್ಸೇ ಉತ್ತರ ಹೇಳ್ತೀನಿ, ಅಮ್ಮಣ್ಣಿ” ಎಂದ.

ಒಡ್ಡೋಲಗದ ಎದುರಿನ ಅಂಗಳದಲ್ಲಿ ಗಾಡಿ ಚಾಲೂ ಆಗುತ್ತಲೇ ಅದರೊಳಗೆ ಹಾಡು ಜೋರಾಗಿ ಮೊಳಗಿತು. ಕೆಂಡಗಣ್ಣ ಅದನ್ನು ನಿಲ್ಲಿಸಿದ. ಗಾಜು ಇಳಿಸಿ, ಕೋಟೆ ಗೋಡೆಯ ಪಕ್ಕದಲ್ಲೇ ನಿಧಾನವಾಗಿ ಹೋಗಿ ಬ್ರೇಕು ಒತ್ತಿದ. ಕೀಂಯ್ ಎಂಬ ಸದ್ದು ಗೋಡೆಗೆ ಬಡಿದು ಇಡೀ ಒಡ್ಡೋಲಗಕ್ಕೆ ಕೇಳಿಸಿತು.

“ಕೂಗಿದ್ದು ಬ್ರೇಕಿನ ಪ್ಯಾಡು ಅಮ್ಮಣ್ಣಿ, ಪೂರಾ ಸವೆದದೆ. ಮಾರೋರು ಅದ್ಕೇ ಹಾಡು ಹಾಕಿ ಕೊಡ್ತಾರೆ.”

ಆಮೇಲೆ ಅಂಗಳದ ನಡುವಿನ ಮಟ್ಟಸ ಜಾಗದಲ್ಲಿ ನೇರಕ್ಕೆ ಓಡಿಸಿ, ಸ್ಟೇರಿಂಗಿನ ಹಿಡಿತ ಸಡಿಲಿಸಿ ಮತ್ತೆ ಬ್ರೇಕು ಒತ್ತಿದ. ಗಾಡಿ ಮೂತಿಯನ್ನು ಎಡಕ್ಕೆ ತಿರುಗಿಸಿಕೊಂಡು ತುಳಸಿಕಟ್ಟೆಯ ಹತ್ತಿರ ಹೋಗಿ ನಿಂತಿತು.

“ನಾಲ್ವರು ಅಣ್ಣತಮ್ಮದೀರು ನಾಕು ಚಕ್ರ. ಕೈ ಸಡ್ಲ ಬಿಟ್ರೆ ಕಳ್ಳ ಸಿಗ್ತಾನೆ. ಗಾಡಿ ಎಡಕ್ಕೆ ಎಳೀತಲ್ಲ, ಎಡಗಡೆಯೋನು ನಿಂತ, ಮುಂದ್ಲ ಬಲಗಡೆಯೋನು ನಟಿಸ್ದ.”

ಅವನು ಇಳಿದು ಒಡ್ಡೋಲಗಕ್ಕೆ ಮರಳುತ್ತಲೇ ಅಮ್ಮಣ್ಣಿಯ ಮುಖ ಅರಳಿತು. ಆದರೆ ಮೂರನೆಯ ಒಗಟು ಕೇಳುವಾಗ ಅವಳು ಕೆಂಡಗಣ್ಣನನ್ನು ನೋಡಲಿಲ್ಲ, ತಂದೆಯನ್ನು ನೋಡಿದಳು.

“ಒಬ್ಬಾತ ಗಾಡಿ ಕೊಳ್ಳಲು ಹೋದ. ಕೂಗು ಕಿವಿಗೆ ಬಿತ್ತು, ಎಳೆತ ಕೈಗೆ ತಿಳಿಯಿತು. ಆದರೂ ಕೊಂಡ. ಅವನ ‘ಬೇಡ’ ಎಂಬ ಮಾತನ್ನು ಒಂದು ಬ್ರೇಕು ತಡೆಯಿತು. ಅದು ಚಕ್ರವನ್ನು ಹಿಡಿಯುವುದಿಲ್ಲ, ನಾಲಿಗೆಯನ್ನು ಹಿಡಿಯುತ್ತದೆ. ಎಂದೂ ಸವೆಯುವುದಿಲ್ಲ. ಯಾವುದದು?”

ಕೆಂಡಗಣ್ಣನಿಗೆ ಉತ್ತರ ಹೊಳೆಯಿತು. ಆದರೆ ಎದುರಿಗೆ ದೊರೆ ಕೂತಿದ್ದಾನೆ, ತುಂಬಿದ ಸಭೆ. ಹಿರಿಯರ ಮುಖಕ್ಕೆ ಹೊಡೆದ ಹಾಗೆ ಹೇಗೆ ಹೇಳುವುದು? ಸುಮ್ಮನಿದ್ದರೆ ತನ್ನ ಪ್ರಾಣ ಹೋಗುತ್ತದೆ. ಅವನ ನಾಲಿಗೆಯನ್ನು ಆಗ ಹಿಡಿದುಕೊಂಡಿದ್ದೂ ಅದೇ ಬ್ರೇಕು.

ಬಾಗಿಲ ಬಳಿ ಕೂತಿದ್ದ ಇಬ್ಬರೂ ಅವನನ್ನೇ ನೋಡುತ್ತಿದ್ದರು.

“ತಪ್ಪು ತಿಳೀಬ್ಯಾಡಿ ಬುದ್ಧಿ” ಎಂದ ಕೆಂಡಗಣ್ಣ. “ಅದು ದಾಕ್ಷಿಣ್ಯ. ಬೀಗರು ಎಲೆಅಡಿಕೆ ಕೊಟ್ರು. ನೀವು ಬ್ಯಾಡ ಅನ್ನಲಾರ್ದೆ ಹೋದ್ರಿ.”

ದೊರೆ ಕಿರೀಟ ತೆಗೆದು ತೊಡೆಯ ಮೇಲಿಟ್ಟುಕೊಂಡ.

“ಮೊದಲ ದಿನವೇ ತಿಳಿದಿತ್ತು ಮಗಳೇ” ಎಂದ ಮೆಲ್ಲಗೆ. “ಮಗಳನ್ನು ಕೊಟ್ಟ ಮನೆ, ಹೇಗೆ ಹೇಳಲಿ ಅಂದುಕೊಂಡೆ.”

“ಅಪ್ಪಾಜಿ, ನನಗೂ ನಿಮಗೆ ಹೇಳಲಾಗಲಿಲ್ಲ. ಅದಕ್ಕೇ ಒಗಟು ಮಾಡಿದೆ” ಎಂದಳು ಅಮ್ಮಣ್ಣಿ. ಅವಳ ಕಣ್ಣು ತುಂಬಿತ್ತು.

ದೊರೆ ಎದ್ದು ನಿಂತ. ಬಾಗಿಲ ಬಳಿಯ ಇಬ್ಬರನ್ನೂ ನಡೆದೇ ಇಳಿಯಲು ಬಿಟ್ಟ. ಅವರು ಕಾಲಿಗೆ ಬುದ್ಧಿ ಹೇಳಿದರು. ಪಟ್ಟದಾನೆಗೆ ಹೊಸ ಬ್ರೇಕು ಹಾಕುವವರೆಗೆ ಅದು ಅಂಗಳ ದಾಟಕೂಡದೆಂದು ಅಪ್ಪಣೆಯಾಯಿತು. ಕೆಂಡಗಣ್ಣನತ್ತ ತಿರುಗಿ, “ಅರ್ಧ ರಾಜ್ಯ ನಿನ್ನದು. ನಾಳೆಯೇ ಮದುವೆ!” ಎಂದ.

“ಒಂದ್ ಮಾತು ಬುದ್ಧಿ. ಡಂಗುರ ಹೊಡ್ಸಾಯ್ತಲ್ಲ ಅಂತ ಅಮ್ಮಣ್ಣಿಯೋರು ದಾಕ್ಷಿಣ್ಯಕ್ಕೆ ಒಪ್ಪಬಾರ್ದು” ಎಂದ ಕೆಂಡಗಣ್ಣ, ಮುಟ್ಟದೆ ಬಿಟ್ಟಿದ್ದ ವೀಳ್ಯದ ತಟ್ಟೆಯನ್ನು ಅವಳ ಮುಂದೆ ಹಿಡಿದು.

ಅಮ್ಮಣ್ಣಿ ತಟ್ಟೆಯನ್ನು ನೋಡಿದಳು. ಹಳೆಯ ಗಾಡಿ ಕೊಳ್ಳುವವಳಂತೆ ಅವನ ಸುತ್ತ ಒಂದು ಸುತ್ತು ಬಂದಳು.

“ನಿನ್ನಲ್ಲೂ ಏನಾದರೂ ಸದ್ದು ಗಿದ್ದು ಉಂಟೋ?”

“ಗೊರಕೆ ಐತೆ, ಅಮ್ಮಣ್ಣಿ. ಈಗಲೇ ಹೇಳ್ಬುಟ್ಟಿದ್ದೀನಿ.”

ಅಮ್ಮಣ್ಣಿ ನಕ್ಕಳು, ವೀಳ್ಯ ತೆಗೆದು ಬಾಯಿಗೆ ಹಾಕಿಕೊಂಡಳು.