ಕೊರಮೀನಿನ ಮರಿ ಕಾದ ಸಂಜೆ

ಹೊನ್ನೂರಿಯ ತಲೆ ಈಗ ಪೂರ್ತಿ ಬೆಳ್ಳಗಾಗಿದೆ. ಆದರೂ ಎಲ್ಲಾದರೂ ಕಾಯಿಸಿದ ಡಾಂಬರಿನ ವಾಸನೆ ಬಂದರೆ ಸಾಕು, ಮಾಡುತ್ತಿದ್ದ ಕೆಲಸ ಬಿಟ್ಟು ನಿಂತುಬಿಡುತ್ತಾಳೆ.

ಅದು ಕಾಟಯ್ಯನ ಹರಿಗೋಲಿನ ವಾಸನೆ. ಬಿದಿರು ಹೆಣೆದು, ತಳಕ್ಕೆ ಡಾಂಬರು ಬಳಿದ ದುಂಡನೆಯ ಹರಿಗೋಲು. ಊರ ಕೆರೆಯಲ್ಲಿ ಮೀನು ಹಿಡಿಯುವ ವಿದ್ಯೆಗೆ ಕಾಟಯ್ಯನೇ ಗುರು. ಆಗಿನ್ನೂ ಹರೆಯದ ಹೊನ್ನೂರಿ ಅವನ ಶಿಷ್ಯೆ; ಅವನನ್ನು ತಾತ ಎನ್ನುತ್ತಿದ್ದಳು. ಅವನು ಮಾತ್ರ ಅವಳನ್ನು ಬಾಯಿಬಡುಕಿ ಎಂದೇ ಕರೆಯುತ್ತಿದ್ದ.

ಅವನು ಕಲಿಸಿದ ಮೊದಲ ಪಾಠ ಗಾಳದ್ದಲ್ಲ, ಹರಿಗೋಲು ನಡೆಸುವ ಹುಟ್ಟಿನದು.

“ಹೋಗುವಾಗ ಹುಟ್ಟು ಯಾರಾದರೂ ಹಾಕಲಿ. ದಡಕ್ಕೆ ತಿರುಗಿ ಬರುವಾಗ ಹರಿಗೋಲು ಯಾರದೋ ಅವರೇ ಹಾಕಬೇಕು. ಈ ಕೆರೆಯ ಪದ್ಧತಿ ಅದು.”

“ಯಾಕೆ ತಾತ?”

“ಹೋಗೋಕೆ ಎಲ್ಲರಿಗೂ ಬರುತ್ತೆ.”

ಹಾಗಾಗಿ ಬೆಳಿಗ್ಗೆ ಹುಟ್ಟು ಅವಳ ಕೈಯಲ್ಲಿ, ಸಂಜೆ ಅವನ ಕೈಯಲ್ಲಿ. ನಡುವೆ ಜೋಳದ ರೊಟ್ಟಿ, ಕೆಂಪು ಚಟ್ನಿ, ಮತ್ತು ಅವಳ ಪ್ರಶ್ನೆಗಳು.

“ತಾತ, ಒಳ್ಳೆ ಬೆಸ್ತ ಅಂದ್ರೆ ಯಾರು?”

“ಕೆರೆಯಲ್ಲಿ ಇನ್ನೂ ಮೀನು ಇರುವಾಗಲೇ ಸಾಯೋನು.”

“ಅಂದ್ರೆ ಸೋಮಾರಿ.”

ಕಾಟಯ್ಯ ನಕ್ಕಿದ್ದ. ಬಾಯಲ್ಲಿದ್ದ ರೊಟ್ಟಿ ನೆತ್ತಿಗೇರುವಷ್ಟು ನಕ್ಕಿದ್ದ.

ಅವನಿಗೆ ಮಕ್ಕಳಿರಲಿಲ್ಲ. ಬಲ ಭುಜ ಸೋಲುತ್ತ ಬಂದಿತ್ತು. ಆ ವರ್ಷದ ಗಂಗೆ ಪೂಜೆಗೆ, ಹುಟ್ಟಿಗೆ ಅರಿಶಿನ ಕುಂಕುಮ ಹಚ್ಚಿ ಹರಿಗೋಲಿನ ಸಮೇತ ಬೇರೆಯವರಿಗೆ ಒಪ್ಪಿಸುತ್ತೇನೆ ಎಂದ. ಸುದ್ದಿ ಕೇಳಿದ್ದೇ ತಡ, ಅವನ ತಂಗಿಯ ಮಗ ಓಬಳೇಶ ಪಕ್ಕದೂರಿನಿಂದ ಬಂದು ಜಗಲಿ ಹಿಡಿದು ಕೂತ.

“ಹೆಣ್ಣಿನ ಕೈಗೆ ಹುಟ್ಟು ಕೊಟ್ಟರೆ ಕೆರೆಯ ಮೀನೆಲ್ಲ ನಗ್ತಾವೆ, ಮಾವ,” ಎಂದ ಮೀಸೆ ತಿರುವುತ್ತ.

“ನಿನ್ನ ಮೀಸೆ ನೋಡಿ ಆಗಲೇ ನಗ್ತಾ ಅದಾವೆ,” ಎಂದಳು ಹೊನ್ನೂರಿ.

ಕಾಟಯ್ಯ ಇಬ್ಬರನ್ನೂ ನೋಡಿದ.

“ಪೂಜೆಯ ಒಳಗೆ ಒಂದು ದೊಡ್ಡ ಕೊರಮೀನು. ನೀನೊಬ್ಬಳೇ ಹಿಡೀಬೇಕು, ಬಾಯಿಬಡುಕಿ. ಹಿಡಿದರೆ ಹರಿಗೋಲು ನಿಂದು. ಇಲ್ಲಾಂದ್ರೆ ಅವನದು.”

ಕೊರಮೀನು ಎಂದರೆ ಹಾವಿನಂಥ ತಲೆ, ತೋಳಿನಷ್ಟು ಉದ್ದ. ನೀರಿನಿಂದ ಎತ್ತಿದ ಮೇಲೂ ಒದ್ದೆ ಗೋಣಿಯಲ್ಲಿ ಎಷ್ಟೋ ಹೊತ್ತು ಜೀವ ಹಿಡಿದಿರುತ್ತದೆ. ಜೊಂಡಿನ ಬುಡದಲ್ಲಿ ಅಡಗಿ ಕೂತರೆ ಕಪ್ಪೆ ಕಟ್ಟಿದ ಗಾಳವನ್ನೂ ಮೂಸುವುದಿಲ್ಲ.

ಹೊನ್ನೂರಿ ದಿನವೂ ಗಾಳ ಹಾಕಿದಳು. ಕಾಟಯ್ಯ ಹರಿಗೋಲಿನಲ್ಲಿ ಜೊತೆಗೆ ಕೂತಿರುತ್ತಿದ್ದ, ಕೈ ಹಚ್ಚುತ್ತಿರಲಿಲ್ಲ. ಸಿಕ್ಕಿದ್ದೆಲ್ಲ ಚಿಲ್ಲರೆ ಮೀನು. ಓಬಳೇಶ ದಡದಲ್ಲಿ ನಿಂತು, “ಸಾರಿಗೆ ಸಾಕಾಗುತ್ತಾ?” ಎನ್ನುತ್ತಿದ್ದ.

ನಾಳೆ ಪೂಜೆ ಎನ್ನುವ ದಿನ, ಹೊತ್ತು ಇಳಿಯುತ್ತಿದ್ದಾಗ, ಜೊಂಡಿನ ಆಚೆ ನೀರು ಅನ್ನ ಕುದಿದ ಹಾಗೆ ಗುಳುಗುಳು ಎನ್ನುವುದನ್ನು ಅವಳು ಕಂಡಳು. ಕೆಳಗೆ ಕೆಂಪನೆಯ ರಾಶಿ, ರಾಗಿ ಚೆಲ್ಲಿದ ಹಾಗೆ. ಕೊರಮೀನಿನ ಮರಿಗಳು. ಉಸಿರಿಗೆಂದು ಮೇಲೆ ಬರುತ್ತಿದ್ದವು, ಮುಳುಗುತ್ತಿದ್ದವು.

ಮರಿ ಇದ್ದಲ್ಲಿ ತಾಯಿ ಇರುತ್ತದೆ. ಮರಿಗಳ ನಡುವೆ ಏನು ಬಿದ್ದರೂ ಕಚ್ಚುತ್ತದೆ. ಹಸಿವಿಗಲ್ಲ, ಸಿಟ್ಟಿಗೆ. ಇದು ಹೊನ್ನೂರಿಗೆ ಗೊತ್ತಿತ್ತು.

ಅವಳು ಕಪ್ಪೆಯನ್ನೂ ಕಟ್ಟಲಿಲ್ಲ. ಬರೀ ಗಾಳವನ್ನೇ ಕೆಂಪು ರಾಶಿಯ ನಡುವೆ ಎಸೆದಳು.

ನೀರು ಒಡೆಯಿತು. ಹರಿಗೋಲು ಒಂದು ಸುತ್ತು ತಿರುಗಿತು. ದಾರ ಕೈ ಕೊಯ್ದು ರಕ್ತ ಬಂದರೂ ಅವಳು ಬಿಡಲಿಲ್ಲ. ಕೊನೆಗೆ ಮೀನು ಒಳಗೆ ಬಂದು ದಬದಬ ಬಡಿದುಕೊಂಡಿತು. ಗಾಳ ಬಿಡಿಸಿ ಒದ್ದೆ ಗೋಣಿಗೆ ತುಂಬಿ, ಬಾಯಿ ಕಟ್ಟಿದಳು.

“ನಡಿ ತಾತ! ಹುಟ್ಟು ತಗೋ. ಓಬಳೇಶನ ಮೀಸೆ ಇಳಿಸಬೇಕು.”

ಕಾಟಯ್ಯ ಹುಟ್ಟು ತೆಗೆದುಕೊಳ್ಳಲಿಲ್ಲ. ಸಂಚಿ ಬಿಚ್ಚಿ ಎಲೆಗೆ ಸುಣ್ಣ ಹಚ್ಚತೊಡಗಿದ.

“ಇನ್ನೂ ಕೆಲಸ ಐತೆ.”

“ಏನ್ ಕೆಲಸ?”

ಅವನು ಗೋಣಿಯತ್ತ ಗದ್ದ ಎತ್ತಿ ತೋರಿಸಿದ. “ಅದನ್ನ ಕರ್ಕೊಂಡು ಬಂದುಬಿಟ್ಟೆ. ಅದರ ಕೆಲಸ ಯಾರು ಮಾಡ್ತಾರೆ?”

ಅವಳು ತಿರುಗಿ ನೋಡಿದಳು. ಕೆಂಪು ರಾಶಿ ಚೆದುರಿ, ಮತ್ತೆ ಕೂಡಿ, ದಿಕ್ಕು ತಪ್ಪಿದಂತೆ ಸುತ್ತುತ್ತಿತ್ತು. ಒಂದು ನೀರುಕಾಗೆ ಆಗಲೇ ಕತ್ತು ಎತ್ತಿಕೊಂಡು ಈಜಿ ಬರುತ್ತಿತ್ತು.

“ಹುಶ್!” ಹೊನ್ನೂರಿ ಹುಟ್ಟಿನಿಂದ ನೀರು ಬಡಿದಳು. ಹಕ್ಕಿ ಮುಳುಗಿ, ಇನ್ನೊಂದು ಕಡೆ ಎದ್ದಿತು. ಅವಳು ಆ ಕಡೆ ಬಡಿದಳು. ಅಷ್ಟರಲ್ಲಿ ಮಿಂಚುಳ್ಳಿಯೊಂದು ಮೇಲಿನಿಂದ ಬಿದ್ದು, ಕೊಕ್ಕಿನಲ್ಲಿ ಕೆಂಪಗೇನೋ ಕಚ್ಚಿಕೊಂಡು ಹಾರಿತು.

“ಎಷ್ಟು ಹೊತ್ತು ಕಾಯಬೇಕು ತಾತ?”

“ಅವು ದೊಡ್ಡವಾಗೋ ತನಕ.”

“ಹುಚ್ಚು ನಿನಗೆ! ನಾಳೆ ಪೂಜೆ ಐತೆ ನನಗೆ!”

ಕಾಟಯ್ಯ ಎಲೆ ಮಡಿಚಿ ಬಾಯಿಗಿಟ್ಟುಕೊಂಡ.

ಹೊನ್ನೂರಿ ಬೈಯುತ್ತಲೇ ಕಾದಳು. ಹಕ್ಕಿಗಳನ್ನು ಬೈದಳು, ತಾತನನ್ನು ಬೈದಳು, ಓಬಳೇಶನ ಮೂರು ತಲೆಮಾರನ್ನು ಬೈದಳು. ತೋಳು ಸೋತು ಬಂತು. ಆಗ ನೀರಿನ ಅಡಿಯಿಂದ ಏನೋ ಕಪ್ಪಗೆ ಎದ್ದು, ರಾಶಿಯ ಒಂದು ಅಂಚನ್ನೇ ನುಂಗಿಕೊಂಡು ಹೋಯಿತು.

“ಮೇಲಿಂದ ಬಂದರೆ ಓಡಿಸ್ತೀನಿ. ಕೆಳಗಿಂದ ಬಂದರೆ ಹೆಂಗೆ ಕಾಯಲಿ? ಹೇಳು ತಾತ, ಹೆಂಗೆ ಕಾಯಲಿ?”

ಗೋಣಿಯೊಳಗೆ ಮೀನು ಒಮ್ಮೆ ಮಿಸುಕಿತು.

ಹೊನ್ನೂರಿ ಗೋಣಿ ನೋಡಿದಳು. ದೂರದ ದಡ ನೋಡಿದಳು. ಅಲ್ಲಿ ಚುಕ್ಕೆಯಂತೆ ಓಬಳೇಶ ನಿಂತಿದ್ದ.

ಆಮೇಲೆ ಗೋಣಿಯ ಗಂಟು ಬಿಚ್ಚಿದಳು.

ಎರಡೂ ಕೈಯಲ್ಲಿ ಮೀನನ್ನು ಹಿಡಿದು ನೀರಿಗಿಳಿಸಿದಳು. ಅದು ಅವಳ ಅಂಗೈ ಮೇಲೆ ಗಳಿಗೆ ಹೊತ್ತು ಸುಮ್ಮನೆ ನಿಂತಿತು. ಬಾಲ ಬೀಸಿತು. ಹೋಯಿತು.

ಇಬ್ಬರೂ ಕಾದರು. ನೀರುಕಾಗೆ ಮತ್ತೆ ಹತ್ತಿರ ಬಂತು. ಅದರ ಎದೆಯಡಿಯೇ ನೀರು ಸಿಡಿಯಿತು. ಹಕ್ಕಿ ಕಿರುಚಿಕೊಂಡು ರೆಕ್ಕೆ ಬಡಿಯುತ್ತ ಎದ್ದು ಓಡಿತು. ಚೆದುರಿದ್ದ ಕೆಂಪು ನಿಧಾನವಾಗಿ ಒಂದೆಡೆ ಸೇರಿತು.

ಹೊನ್ನೂರಿ ಸೆರಗಿನಿಂದ ಮುಖ ಒರೆಸಿಕೊಂಡಳು. ಎಷ್ಟು ಒರೆಸಿದರೂ ಒದ್ದೆಯೇ.

“ಗಾಳ ಎಸೆಯೋ ಮುಂಚೆನೇ ಹೇಳಬಾರದಿತ್ತಾ ತಾತ?”

“ನಿನಗೆ ಹೇಳಿ ಕೇಳಿಸಿದವರು ಈ ಊರಲ್ಲಿ ಯಾರಿದ್ದಾರೆ?”

ಅವಳಿಗೆ ಅಳುವಿನ ನಡುವೆಯೇ ನಗು ಬಂತು. ಆಮೇಲೆ ದಡದ ನೆನಪಾಯಿತು, ನಗು ನಿಂತಿತು.

ಬಿಸಿಲು ಜೊಂಡಿನ ತುದಿಯಲ್ಲಿತ್ತು. ಕಾದ ಡಾಂಬರು ತಣಿಯುವ ವಾಸನೆ ಏಳುತ್ತಿತ್ತು. ಖಾಲಿ ಗೋಣಿಯನ್ನು ಹಿಂಡಿ ಅಂಚಿಗೆ ಹಾಕಿ, ಅವಳು ಪದ್ಧತಿಯಂತೆ ಹುಟ್ಟನ್ನು ಎರಡೂ ಕೈಯಲ್ಲಿ ಗುರುವಿನ ಮುಂದೆ ಹಿಡಿದಳು.

“ತಗೋ. ಓಬಳೇಶನಿಗೇ ಕೊಡು.”

ಕಾಟಯ್ಯ ಹರಿಗೋಲಿನ ಅಂಚಿಗೆ ಬೆನ್ನು ಒರಗಿಸಿ, ಕಾಲು ಚಾಚಿ, ಕಣ್ಣು ಮುಚ್ಚಿದ.

“ನನಗ್ಯಾಕೆ ಕೊಡ್ತೀಯ? ಹಸಿವಾಗೈತೆ. ಬೇಗ ದಡ ಸೇರಿಸು.”