ಉದ್ದ ಮಸೂರಕ್ಕೆ ಕಾಣದ ಬದು

ಪ್ರಯೋಗಾಲಯದ ಸೂಕ್ಷ್ಮದರ್ಶಕದಲ್ಲಿ ಎರಡು ಮಸೂರಗಳಿದ್ದವು. ನಲವತ್ತು ಪಟ್ಟು ಹಿಗ್ಗಿಸಿ ತೋರಿಸುವ ಉದ್ದನೆಯದೊಂದು, ನಾಲ್ಕೇ ಪಟ್ಟು ಹಿಗ್ಗಿಸುವ ಗಿಡ್ಡನೆಯದೊಂದು. ತಿಪ್ಪವ್ವನ ಹೊಟ್ಟೆಯಿಂದ ಕೊಯ್ದು ತೆಗೆದ ಗಡ್ಡೆಯ ಚೂರು ಅಂದು ಗಾಜಿನ ಮೇಲೆ ಬಂದಿತ್ತು.

"ತಮ್ಮಾ, ನೀನು ಸುಮ್ಮನಿರು. ಒಂದೊಂದು ಜೀವಕೋಶವನ್ನೂ ಕಂಡಿದ್ದೇನೆ. ಇದು ಒಂದೇ ಜಾತಿಯ ಗಡ್ಡೆ," ಎಂದಿತು ಉದ್ದನೆಯದು.

"ನೀವು ಕಂಡಿದ್ದು ಎಡಗಡೆಯ ಮೂಲೆ ಮಾತ್ರ, ಅಣ್ಣಾ. ನನಗೆ ಕೋಶ ಕಾಣುವುದಿಲ್ಲ, ಆದರೆ ನಡುವೆ ಒಂದು ಬದು ಕಾಣುತ್ತಿದೆ. ಬದುವಿದ್ದರೆ ಹೊಲ ಎರಡಲ್ಲವೇ?"

ಉದ್ದನೆಯದು ಗೊಣಗುತ್ತಲೇ ಬಲಗಡೆ ನೋಡಿತು. ಅಲ್ಲಿದ್ದದ್ದು ಬೇರೆಯೇ ಜಾತಿಯ ಗಡ್ಡೆ. ಅದರ ಮದ್ದೂ ಬೇರೆ. ಎರಡೂ ಒತ್ತಿಕೊಂಡು ಬೆಳೆದಿದ್ದವೇ ಹೊರತು ಬೆರೆತಿರಲಿಲ್ಲ.

"ಅಂಚನ್ನೂ ನೋಡಿಬಿಡಿ," ಎಂದಿತು ಗಿಡ್ಡನೆಯದು. ಸುತ್ತಲಿನ ಅಂಚು ಶುದ್ಧವಾಗಿತ್ತು; ಗಡ್ಡೆಯ ಕೋಶ ಒಂದೂ ಅಲ್ಲಿರಲಿಲ್ಲ.

ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆದ ಡಾಕ್ಟರು ವರದಿ ಬರೆದು, ಅದನ್ನು ಹಿಡಿದು ಹೊರಗೆ ಹೋದರು. "ಗಡ್ಡೆ ಎರಡಿದ್ದವು ಕಣಮ್ಮಾ. ಎರಡೂ ಪೂರ್ತಿ ಹೊರಗೆ ಬಂದಿವೆ," ಎಂದರು. "ಅಬ್ಬಾ, ನಮ್ಮವ್ವ ಉಳಿದಳು!" ಎಂದ ತಿಪ್ಪವ್ವನ ಮಗಳ ದನಿ ಒಳಗಿನವರೆಗೂ ಕೇಳಿಸಿತು.

ಅಷ್ಟರಲ್ಲಿ ಮುಂದಿನ ಗಾಜು ಬಂತು. ಉದ್ದನೆಯದು ಪಕ್ಕಕ್ಕೆ ಸರಿದು ಹೇಳಿತು: "ಅಣ್ಣಾ, ಮೊದಲು ನೀವು ನೋಡಿ."